ಯಾವ ಫೈಲ್, ಯಾವಾಗ, ಯಾಕೆ: ರೂಟ್ ಕೆನಾಲ್ ಫಲಿತಾಂಶ ಮತ್ತು ಕೈ ಉಪಕರಣಗಳ ಆಯ್ಕೆಗೆ ಒಂದು ಸಮಗ್ರ ಮಾರ್ಗದರ್ಶಿ

ರೂಟ್ ಕೆನಾಲ್ ಕೈಕೊಟ್ಟಾಗ ನಾವು ಸಾಮಾನ್ಯವಾಗಿ ದೂರುವುದು ಕೊನೆಯ ಎಕ್ಸ್‌ರೇಯನ್ನು. ಗಟ್ಟಾ ಪರ್ಚಾ (ಕೆನಾಲ್ ತುಂಬುವ ರಬ್ಬರಿನಂಥ ಕಡ್ಡಿ) ಗಿಡ್ಡವಾಯಿತು, ಸೀಲರ್ (ಅದರ ಜೊತೆ ಹಾಕುವ ಪೇಸ್ಟ್) ಹೊರಗೆ ಹೋಯಿತು, ತುಂಬಿದ್ದು ಗಟ್ಟಿಯಾಗಿಲ್ಲ ಅಂತ. ಆದರೆ ತುಂಬುವ ಹೊತ್ತಿಗೆ ಆ ಹಲ್ಲಿನ ಹಣೆಬರಹ ಬಹುಪಾಲು ಬರೆದಾಗಿರುತ್ತದೆ. ಅದನ್ನು ಬರೆಯುವುದು ಬೇರಿನೊಳಗಿನ ನಾಳವನ್ನು, ಅಂದರೆ ಕೆನಾಲನ್ನು ಕೆರೆಯಲು ಶುರುವಿನಲ್ಲಿ ನೀವು ಕೈಗೆತ್ತಿಕೊಳ್ಳುವ 8, 10, 15ರ ಸಣ್ಣ ಫೈಲ್‌ಗಳು. ಯಾವುದನ್ನು ಮೊದಲು ಹಾಕಿದಿರಿ, ಹೇಗೆ ತಿರುಗಿಸಿದಿರಿ, ಯಾವಾಗ ಮುಂದಿನ ನಂಬರಿಗೆ ಹೋದಿರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇದು ಬಿಡಿಎಸ್ ಕೊನೇ ವರ್ಷದವರಿಗೆ, ಇಂಟರ್ನ್‌ಗಳಿಗೆ, ಈಗಷ್ಟೇ ಕ್ಲಿನಿಕ್ ತೆರೆದವರಿಗೆ ಬರೆದದ್ದು. ಫೈಲನ್ನು ತಾನೇ ತಿರುಗಿಸುವ ರೋಟರಿ ಮೋಟರ್ ಇರುವವರೂ ಓದಬಹುದು. ಮೋಟರ್‌ಗೆ ದಾರಿ ಮಾಡಿಕೊಡುವುದು ಕೈ ಫೈಲೇ ಅಲ್ವಾ? ಎಲ್ಲ ಹಲ್ಲಿನ ಬಗ್ಗೆಯೂ ಸ್ವಲ್ಪ ಸ್ವಲ್ಪ ಹೇಳುವ ಬದಲು ಒಂದೇ ಹಲ್ಲನ್ನು ಹಿಡಿದುಕೊಳ್ಳೋಣ: ಕೆಳದವಡೆಯ ಎಡಗಡೆ ಮೊದಲ ಮೋಲಾರ್, ಅಂದರೆ 36. ಆರನೇ ವಯಸ್ಸಿಗೇ ಬಾಯಿಗೆ ಬರುವ ಹಲ್ಲು ಇದು, ಹುಳುಕು ಹಿಡಿಯುವುದೂ ಬೇಗ. ಮೀಸಿಯಲ್ (ಮುಂದಿನ ಕಡೆಯ) ಬೇರಿನಲ್ಲಿ ಎರಡು ಸಣ್ಣ, ಬಾಗಿದ ಕೆನಾಲ್. ಡಿಸ್ಟಲ್ (ಹಿಂದಿನ ಕಡೆಯ) ಬೇರಿನಲ್ಲಿ ಅಗಲವಾದ, ಮೊಟ್ಟೆಯಾಕಾರದ ಒಂದು ಕೆನಾಲ್, ಕೆಲವೊಮ್ಮೆ ಎರಡು. ಕೈ ಫೈಲ್‌ಗೆ ಸುಲಭವೂ ಕಷ್ಟವೂ ಇದೊಂದೇ ಹಲ್ಲಿನಲ್ಲಿ ಸಿಗುತ್ತವೆ.

ಮೊದಲು, ಫಲಿತಾಂಶ ಅಂದರೇನು

ಪೇಷಂಟ್‌ಗೆ ನೋವು ಹೋದರೆ ಗೆದ್ದ ಹಾಗೆ. ನಮಗೆ ಅಷ್ಟು ಸಾಲದು. ಬಾವು ಇಳಿಯಬೇಕು, ವಸಡಿನ ಮೇಲಿನ ಕೀವಿನ ತೂತು ಮುಚ್ಚಬೇಕು, ಆ ಹಲ್ಲಲ್ಲಿ ಅಗಿಯಲು ಆಗಬೇಕು. ಬೇರಿನ ತುದಿಯ ಕಪ್ಪು ನೆರಳು ಒಂದು ವರ್ಷದ ಎಕ್ಸ್‌ರೇಯಲ್ಲಿ ಚಿಕ್ಕದಾಗಿರಬೇಕು. ಪೂರ್ತಿ ಹೋಗಲು ಕೆಲವೊಮ್ಮೆ ನಾಲ್ಕು ವರ್ಷವೂ ಬೇಕಾಗುತ್ತದೆ.

ಆ ನೆರಳಿಗೆ ಕಾರಣ ಬ್ಯಾಕ್ಟೀರಿಯಾ. 1965ರಲ್ಲಿ ಕಾಕೆಹಾಶಿ ಮತ್ತು ಅವರ ಜೊತೆಯವರು ಇಲಿಗಳ ಪಲ್ಪ್ (ಹಲ್ಲಿನೊಳಗಿನ ಮೆತ್ತನೆಯ ಅಂಗಾಂಶ) ತೆರೆದು ಹಾಗೇ ಬಿಟ್ಟರು. ಮಾಮೂಲಿ ಇಲಿಗಳಲ್ಲಿ ಪಲ್ಪ್ ಸತ್ತು ಕೀವಾಯಿತು. ಬ್ಯಾಕ್ಟೀರಿಯಾ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಪಲ್ಪ್ ಬದುಕಿತು, ತೆರೆದ ಜಾಗಕ್ಕೆ ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ಸೇತುವೆಯೂ ಬಂತು. ಹಾಗಾಗಿ ಫೈಲ್‌ನ ಕೆಲಸ ಎರಡು. ಒಂದು, ಗೋಡೆ ಕೆರೆದು ಕೊಳಕು ತೆಗೆಯುವುದು. ಇನ್ನೊಂದು, ಬ್ಯಾಕ್ಟೀರಿಯಾ ಕೊಲ್ಲುವ ದ್ರವ ಹೈಪೋಕ್ಲೋರೈಟ್ ತುದಿಯವರೆಗೆ ಹೋಗುವಷ್ಟು ಜಾಗ ಮಾಡುವುದು. ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಯಾಕೆಂದರೆ ಕೆರೆಯುವುದರಲ್ಲಿ ಯಾವ ಫೈಲೂ ಪೂರ್ತಿ ಗೆಲ್ಲುವುದಿಲ್ಲ. 2001ರಲ್ಲಿ ಪೀಟರ್ಸ್ ಮತ್ತು ಅವರ ತಂಡ ಮೈಕ್ರೋ ಸಿಟಿ ಸ್ಕ್ಯಾನ್‌ನಲ್ಲಿ ಅಳೆದು ನೋಡಿದಾಗ, ಯಾವ ಉಪಕರಣ ಬಳಸಿದರೂ ಕೆನಾಲ್ ಗೋಡೆಯ 35 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಭಾಗವನ್ನು ಫೈಲ್ ಮುಟ್ಟಿಯೇ ಇರಲಿಲ್ಲ.

ಆದ್ದರಿಂದ ಯಾವ ಫೈಲ್ ಎತ್ತಿಕೊಂಡರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ತುದಿ ಮುಟ್ಟುತ್ತದಾ? ಹೋಗುವಾಗ ಕೆನಾಲ್‌ನ ದಾರಿಯನ್ನು ಕೆಡಿಸುತ್ತದಾ? ಇದು ಬಿಟ್ಟುಹೋಗುವ ಜಾಗದಲ್ಲಿ ಔಷಧಿ ಓಡಾಡುತ್ತದಾ?

ಹಂತ 1: ಹಿಡಿಕೆಯ ನಂಬರನ್ನು ಸರಿಯಾಗಿ ಓದಿ

1958ರಲ್ಲಿ ಇಂಗಲ್ ಮತ್ತು ಲೆವೀನ್ ಫೈಲ್‌ಗಳಿಗೆ ಒಂದು ಅಳತೆ ಇರಬೇಕು ಎಂದು ಸೂಚಿಸುವವರೆಗೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಈಗಿನ ಐಎಸ್‌ಒ ಪದ್ಧತಿಯಲ್ಲಿ ನಂಬರ್ ಅಂದರೆ ತುದಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದಲ್ಲಿ. 25ರ ಫೈಲ್‌ನ ತುದಿ 0.25 ಮಿ.ಮೀ. ಕತ್ತರಿಸುವ ಭಾಗ 16 ಮಿ.ಮೀ. ಉದ್ದ. ಪ್ರತಿ ಮಿಲಿಮೀಟರಿಗೆ ದಪ್ಪ 0.02 ಮಿ.ಮೀ. ಏರುತ್ತದೆ. ಇದನ್ನೇ 2 ಶೇಕಡಾ ಟೇಪರ್ ಎನ್ನುವುದು. 25ರ ಫೈಲ್ ಮೇಲ್ತುದಿಯಲ್ಲಿ 0.57 ಮಿ.ಮೀ. ಆಗಿರುತ್ತದೆ.

ಬಣ್ಣಗಳು ನಿಮಗೆ ಗೊತ್ತು: 6 ಗುಲಾಬಿ, 8 ಬೂದು, 10 ನೇರಳೆ, ಆಮೇಲೆ 15ರಿಂದ ಬಿಳಿ, ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು. 45ಕ್ಕೆ ಮತ್ತೆ ಬಿಳಿ ಬರುತ್ತದೆ. 15ರ ಬಿಳಿಯೂ 45ರ ಬಿಳಿಯೂ ಒಂದೇ ಟ್ರೇಯಲ್ಲಿ ಬಿದ್ದಿದ್ದರೆ ಬಣ್ಣ ನೋಡಿ ಕೈ ಹಾಕಬೇಡಿ, ನಂಬರ್ ಓದಿ. ಹಿಡಿಕೆಯ ಮೇಲೆ ಒಂದು ಗುರುತೂ ಇರುತ್ತದೆ. ಚೌಕ ಇದ್ದರೆ ಕೆ ಫೈಲ್, ತ್ರಿಕೋನ ಇದ್ದರೆ ರೀಮರ್, ವೃತ್ತ ಇದ್ದರೆ ಎಚ್ ಫೈಲ್.

ಈ ನಂಬರ್ ಪದ್ಧತಿಯಲ್ಲಿ ಒಂದು ಬಲೆ ಇದೆ. ಬಹಳ ಜನ ಅದಕ್ಕೆ ಬೀಳುತ್ತಾರೆ. 55ರಿಂದ 60ಕ್ಕೆ ಹೋಗುವುದೂ 5 ಅಂಕದ ಏರಿಕೆ, 10ರಿಂದ 15ಕ್ಕೆ ಹೋಗುವುದೂ 5 ಅಂಕದ ಏರಿಕೆ. ಆದರೆ ಮೊದಲನೆಯದರಲ್ಲಿ ದಪ್ಪ ಹೆಚ್ಚುವುದು ಸುಮಾರು 9 ಶೇಕಡಾ, ಎರಡನೆಯದರಲ್ಲಿ 50 ಶೇಕಡಾ! 15ರಿಂದ 20ಕ್ಕೆ 33 ಶೇಕಡಾ. ಬಾಗಿದ ಮೀಸಿಯಲ್ ಕೆನಾಲ್‌ನಲ್ಲಿ ಲೆಡ್ಜ್, ಅಂದರೆ ಗೋಡೆಯಲ್ಲಿ ಫೈಲ್ ತೋಡುವ ಮೆಟ್ಟಿಲು, ಆಗುವುದು ಹೆಚ್ಚಾಗಿ ಈ ಎರಡು ಜಿಗಿತಗಳಲ್ಲೇ. 10 ಆರಾಮಾಗಿ ಹೋಯಿತು, 15 ಒಂದು ಮಿಲಿಮೀಟರ್ ಮೇಲೆ ನಿಂತಿತು, ಸ್ವಲ್ಪ ಒತ್ತಿದರೆ ಹೋದೀತು ಅನ್ನಿಸುತ್ತದೆ. ಹೋಗುವುದಿಲ್ಲ. ಅದು ಗೋಡೆಯಲ್ಲಿ ತನ್ನದೇ ಗುಂಡಿ ತೋಡಿಕೊಳ್ಳುತ್ತದೆ.

ಜೊತೆಗೆ ಬಿಗಿತದ ಲೆಕ್ಕವೂ ಇದೆ. ಒಂದೇ ಆಕಾರದ, ಒಂದೇ ಲೋಹದ ಕಡ್ಡಿಯ ದಪ್ಪ ಎರಡರಷ್ಟಾದರೆ ಅದನ್ನು ಬಗ್ಗಿಸಲು 16 ಪಟ್ಟು ಬಲ ಬೇಕು. ಟೇಪರ್ ಇರುವುದರಿಂದ ಫೈಲ್‌ಗೆ ಈ ಲೆಕ್ಕ ಹಾಗೇ ಅನ್ವಯಿಸದು, ಆದರೂ ದಿಕ್ಕು ಅದೇ. 10 ಕೆನಾಲ್ ಹೇಳಿದ ಹಾಗೆ ಕೇಳುತ್ತದೆ, 25ರ ಸ್ಟೀಲ್ ಫೈಲ್ ತಾನು ಹೇಳಿದ ಹಾಗೆ ಕೆನಾಲ್ ಕೇಳಬೇಕು ಅನ್ನುತ್ತದೆ.

ಇದಕ್ಕೆ ಪರಿಹಾರ ಅರ್ಧ ಸೈಜ್‌ಗಳು: 12, 17, 22 ಹೀಗೆ. ಇವನ್ನು ಗೋಲ್ಡನ್ ಮೀಡಿಯಂ ಎಂದು ಮಾರುತ್ತಾರೆ. 10ರ ನಂತರ 12, ಆಮೇಲೆ 15 ಹಾಕಿದರೆ ಏರಿಕೆ 20 ಮತ್ತು 25 ಶೇಕಡಾಕ್ಕೆ ಇಳಿಯುತ್ತದೆ. ಹಳೆಯ ಪ್ರೊಫೆಸರ್‌ಗಳು 10ರ ತುದಿಯನ್ನು ಒಂದು ಮಿಲಿಮೀಟರ್ ಕತ್ತರಿಸಿ 12 ಮಾಡಿಕೊಳ್ಳಲು ಹೇಳಿಕೊಡುತ್ತಿದ್ದರು. ಟೇಪರ್ ಲೆಕ್ಕದಲ್ಲಿ ಅದು ಸರಿ. ಆದರೆ ಕತ್ತರಿಸಿದ ತುದಿ ಚೂಪಾಗಿರುತ್ತದೆ, ಉಜ್ಜಿ ನುಣುಪು ಮಾಡದಿದ್ದರೆ ಅದೇ ಲೆಡ್ಜ್ ಮಾಡುತ್ತದೆ. ಅರ್ಧ ಸೈಜ್ ಸಿಗುವಾಗ ಆ ಸರ್ಕಸ್ ಬೇಡ.

ಹಂತ 2: ಫೈಲ್‌ನ ಹೊಟ್ಟೆ ನೋಡಿ

ಕೆ ಫೈಲ್‌ನ ಕೆ ಅಂದರೆ ಕೆರ್ ಕಂಪನಿ. ಚೌಕಾಕಾರದ ಸ್ಟೀಲ್ ತಂತಿಯನ್ನು ತಿರುಚಿ ಮಾಡಿದ್ದು. ಗಟ್ಟಿ, ನಂಬಿಕಸ್ಥ, ಎರಡೂ ದಿಕ್ಕಿಗೆ ತಿರುಗಿಸಿದರೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ. ರೀಮರ್ ಸಾಮಾನ್ಯವಾಗಿ ತ್ರಿಕೋನ ತಂತಿಯದು, ಅದರ ಸುರುಳಿಗಳು ಕಡಿಮೆ ಮತ್ತು ದೂರ ದೂರ. ತಿರುಗಿಸಿ ಎಳೆಯುವುದು ಅದರ ಕೆಲಸ. ಇವೆರಡರ ನಡುವೆ ಬರುವುದು ಫ್ಲೆಕ್ಸೋಫೈಲ್ ತರಹದ ಬಳುಕುವ ಕೆ ಫೈಲ್. ಹೊಟ್ಟೆ ತ್ರಿಕೋನ, ಲೋಹ ಕಡಿಮೆ, ಆದ್ದರಿಂದ ಅದೇ ನಂಬರಿನ ಚೌಕ ಫೈಲ್‌ಗಿಂತ ಜಾಸ್ತಿ ಬಾಗುತ್ತದೆ. 36ರ ಮೀಸಿಯಲ್ ಕೆನಾಲ್‌ಗೆ 20, 25 ಹಾಕುವಾಗ ನಾನು ಇದನ್ನೇ ಆರಿಸುತ್ತೇನೆ. 8, 10ರಲ್ಲಿ ಮಾಮೂಲಿ ಚೌಕವೇ ಒಳ್ಳೆಯದು, ಅಲ್ಲಿ ಸ್ವಲ್ಪ ಬಿಗಿ ಬೇಕು.

ಎಚ್ ಫೈಲ್, ಅಂದರೆ ಹೆಡ್‌ಸ್ಟ್ರಾಮ್, ತಿರುಚಿದ್ದಲ್ಲ. ಗುಂಡು ತಂತಿಯನ್ನು ಕೊರೆದು ಮಾಡಿದ್ದು. ಎಳೆಯುವಾಗ ಮಾತ್ರ ಕತ್ತರಿಸುತ್ತದೆ, ಆದರೆ ಬಹಳ ಚೆನ್ನಾಗಿ ಕತ್ತರಿಸುತ್ತದೆ. ಕೊರೆದ ಜಾಗದಲ್ಲಿ ಒಳತಿರುಳು ತೆಳ್ಳಗಿರುವುದರಿಂದ ತಿರುಗಿಸಿದರೆ ಸ್ಕ್ರೂ ಹಾಗೆ ಕಚ್ಚಿಕೊಂಡು ಮುರಿಯುತ್ತದೆ. ಎಚ್ ಫೈಲನ್ನು ಕೆನಾಲ್ ಒಳಗೆ ತಿರುಗಿಸಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಬಾರ್ಬ್ಡ್ ಬ್ರೋಚ್ ಪಲ್ಪ್ ಎಳೆಯಲಿಕ್ಕೆ. 36ರಲ್ಲಿ ಅದರ ಜಾಗ ಅಗಲವಾದ ಡಿಸ್ಟಲ್ ಕೆನಾಲ್ ಮಾತ್ರ. ಗೋಡೆಗೆ ತಾಗದಷ್ಟು ಸಡಿಲವಾಗಿ, ಉದ್ದದ ಮೂರನೇ ಎರಡು ಭಾಗದವರೆಗೆ ಇಳಿಸಿ, ಅರ್ಧ ಸುತ್ತು ತಿರುಗಿಸಿ ಎಳೆಯಿರಿ. ಮೀಸಿಯಲ್ ಕೆನಾಲ್‌ಗೆ ಹಾಕಿದರೆ ಮುಳ್ಳುಗಳು ಗೋಡೆಗೆ ಸಿಕ್ಕಿಕೊಳ್ಳುತ್ತವೆ, ಮುರಿದರೆ ತೆಗೆಯುವುದು ದೊಡ್ಡ ತಲೆನೋವು.

ಇನ್ನು ನಿಕ್ಕಲ್ ಟೈಟಾನಿಯಂ. 1988ರಲ್ಲಿ ವಾಲಿಯಾ ಮತ್ತು ಜೊತೆಗಾರರು ಆರ್ಥೋಡಾಂಟಿಕ್ ತಂತಿಯಿಂದ ಈ ಲೋಹದ ಕೈ ಫೈಲ್ ಮಾಡಿ ತೋರಿಸಿದರು. ರೋಟರಿ ಯುಗ ಶುರುವಾದದ್ದು ಆಮೇಲೆ. ಈ ಫೈಲ್ ಬಾಗಿದ ಕೆನಾಲ್‌ನಲ್ಲಿ ಸ್ಟೀಲ್‌ಗಿಂತ ಚೆನ್ನಾಗಿ ನಡುವಿನಲ್ಲೇ ಉಳಿಯುತ್ತದೆ. ಆದರೆ ಹುಡುಕಾಟಕ್ಕೆ ಬಾರದು. ಮಾಮೂಲಿ ನಿಕ್ಕಲ್ ಟೈಟಾನಿಯಂ ಬಗ್ಗಿಸಿದರೆ ಮತ್ತೆ ನೇರವಾಗುತ್ತದೆ, ತುದಿಗೆ ಕೊಕ್ಕೆ ಕೊಡಲು ಆಗುವುದಿಲ್ಲ. ಮುರಿಯುವ ಮೊದಲು ಕಣ್ಣಿಗೆ ಕಾಣುವ ಸೂಚನೆಯೂ ಹಲವು ಸಲ ಸಿಗುವುದಿಲ್ಲ. ಸ್ಟೀಲ್ ಹಾಗಲ್ಲ, ಸಾಮಾನ್ಯವಾಗಿ ಮೊದಲು ಸುರುಳಿ ಬಿಚ್ಚಿಕೊಂಡು ಎಚ್ಚರಿಕೆ ಕೊಡುತ್ತದೆ.

ಹಂತ 3: ಎಕ್ಸ್‌ರೇ ನೋಡಿ ಟ್ರೇ ಜೋಡಿಸಿ

ಎಲ್ಲ ಹಲ್ಲಿಗೂ 15ರಿಂದ 40ರ ಒಂದೇ ಪ್ಯಾಕೆಟ್ ತೆರೆಯುವ ಅಭ್ಯಾಸ ಬಿಡಿ. ಐಓಪಿಎ (ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ ಸಣ್ಣ ಎಕ್ಸ್‌ರೇ) ಒಂದು ನೇರವಾಗಿ, ಇನ್ನೊಂದು ಕೋನ ಬದಲಿಸಿ ತೆಗೆಯಿರಿ. ಬೇರು ಎಲ್ಲಿಂದ ಬಾಗಿದೆ, ಎಷ್ಟು ಬಾಗಿದೆ ನೋಡಿ. ಶ್ನೈಡರ್ 1971ರಲ್ಲಿ ಕೊಟ್ಟ ಲೆಕ್ಕದಲ್ಲಿ 5 ಡಿಗ್ರಿವರೆಗೆ ನೇರ, 10ರಿಂದ 20 ಮಧ್ಯಮ, 25 ದಾಟಿದರೆ ತೀವ್ರ. ಒಂದು ವಿಷಯ ಮರೆಯಬೇಡಿ: ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಇರುವ ಬಾಗು ಐಓಪಿಎಯಲ್ಲಿ ಕಾಣುವುದಿಲ್ಲ. ನೇರವಾಗಿ ಕಂಡ ಕೆನಾಲ್‌ನಿಂದ ಫೈಲ್ ಸೊಟ್ಟಗೆ ಹೊರಬಂದರೆ ಅದನ್ನೇ ನಂಬಿ.

ಕೆನಾಲ್ ಗೆರೆ ಮಧ್ಯದಲ್ಲೇ ಮಾಯವಾಗಿದ್ದರೆ ಟ್ರೇಗೆ 6, 8 ಮತ್ತು ಸಿ ಪ್ಲಸ್ ತರಹದ ಬಿಗಿಯಾದ ಹುಡುಕು ಫೈಲ್ ಸೇರಿಸಿ. ಸುಣ್ಣ ಕಟ್ಟಿದ ಕೆನಾಲ್‌ನಲ್ಲಿ ಮಾಮೂಲಿ 8 ಬಳುಕಿ ಮಡಚಿಕೊಳ್ಳುತ್ತದೆ. ಉದ್ದದ ಆಯ್ಕೆಯೂ ಇಲ್ಲೇ. ಮೋಲಾರ್‌ಗೆ ಸಾಧ್ಯವಾದಷ್ಟೂ 21 ಮಿ.ಮೀ. ಫೈಲ್. ಬೆರಳು ಹಲ್ಲಿಗೆ ಹತ್ತಿರ ಇದ್ದಷ್ಟೂ ತುದಿಯಲ್ಲಿ ಏನಾಗುತ್ತಿದೆ ಅನ್ನುವುದು ಕೈಗೆ ಚೆನ್ನಾಗಿ ತಿಳಿಯುತ್ತದೆ, ಬಾಯಿ ಕಡಿಮೆ ತೆರೆಯುವವರಿಗೂ ಅನುಕೂಲ. ಬೇರು ಉದ್ದವಿದ್ದರೆ 25.

ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯಿಂದ ಬೇರೆ ಮಾಡುವ ರಬ್ಬರ್ ಹಾಳೆ) ಹಾಕಿಯೇ ಫೈಲ್ ಮುಟ್ಟಿ. ಕೈ ಜಾರಿದ ಫೈಲ್ ಗಂಟಲಿಗೆ ಹೋಗುವ ಅಪಾಯ ಸಣ್ಣದಲ್ಲ. ಡ್ಯಾಮ್ ನಿಲ್ಲಿಸಲು ಸಾಧ್ಯವೇ ಇಲ್ಲದ ಹಲ್ಲಿದ್ದರೆ ಪ್ರತಿ ಫೈಲ್‌ನ ಹಿಡಿಕೆಗೆ ಫ್ಲಾಸ್ ದಾರ ಕಟ್ಟಿ.

ಹಂತ 4: ಬಾಗಿಲು ತೆರೆಯುವುದು

ಇಲ್ಲಿನ ಉಪಕರಣ ಡಿಜಿ 16 ಎಕ್ಸ್‌ಪ್ಲೋರರ್. ಹುಳುಕು ನೋಡುವ ಎಕ್ಸ್‌ಪ್ಲೋರರ್‌ನಿಂದ ಕೆನಾಲ್ ಬಾಯಿ ಹುಡುಕಬೇಡಿ. ಡಿಜಿ 16 ಉದ್ದ, ಬಿಗಿ, ಚೂಪು. ಕೆನಾಲ್ ಬಾಯಲ್ಲಿ ಒತ್ತಿದರೆ ಕಚ್ಚಿಕೊಂಡು ನಿಲ್ಲುತ್ತದೆ, ಗಟ್ಟಿ ನೆಲದ ಮೇಲೆ ಜಾರುತ್ತದೆ. ಡಿಸ್ಟಲ್ ಕೆನಾಲ್ ಬಾಯಿ ಹಲ್ಲಿನ ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಎರಡನೆಯದನ್ನು ಹುಡುಕಿ. ಬಿಟ್ಟುಹೋದ ಕೆನಾಲ್‌ಗೆ ಯಾವ ಒಳ್ಳೆಯ ಫೈಲೂ ಉಪಯೋಗವಿಲ್ಲ.

ಆಮೇಲೆ 10ರ ಫೈಲ್ ಮೀಸಿಯಲ್ ಕೆನಾಲ್‌ಗೆ ಇಟ್ಟು ಹಿಡಿಕೆ ಯಾವ ಕಡೆ ವಾಲುತ್ತದೆ ನೋಡಿ. ಡಿಸ್ಟಲ್ ಕಡೆಗೆ ಜೋರಾಗಿ ವಾಲಿದರೆ ಮೀಸಿಯಲ್ ಗೋಡೆಯ ಮೇಲೆ ಡೆಂಟಿನ್ ತುಟಿ ಇನ್ನೂ ಉಳಿದಿದೆ ಎಂದರ್ಥ. ಅದನ್ನು ತೆಗೆಯದೆ ಮುಂದೆ ಹೋದರೆ ಫೈಲ್ ಎರಡು ಕಡೆ ಬಾಗಬೇಕಾಗುತ್ತದೆ. ಮೇಲಿನ ಮೂರನೇ ಒಂದು ಭಾಗವನ್ನು ಮೊದಲು ಅಗಲ ಮಾಡಿದರೆ ಕೆಳಗಿನ ಸಣ್ಣ ಫೈಲ್‌ಗೆ ಬಿಡುಗಡೆ ಸಿಗುತ್ತದೆ, ಕೈಗೆ ತಿಳಿಯುವುದೂ ಹೆಚ್ಚುತ್ತದೆ. ಗೇಟ್ಸ್ ಗ್ಲಿಡನ್ ಡ್ರಿಲ್ ಬಳಸುವುದಾದರೆ ಮೀಸಿಯಲ್‌ನಲ್ಲಿ 2ನೇ ನಂಬರ್ ಸಾಕು, ಅದೇ 0.7 ಮಿ.ಮೀ. ಈ ಬೇರಿನ ಒಳಗೋಡೆ, ಅಂದರೆ ಎರಡು ಬೇರು ಕವಲೊಡೆಯುವ ಕಡೆಯದು, ತೆಳ್ಳಗಿರುತ್ತದೆ. ಒತ್ತಡವನ್ನು ಯಾವಾಗಲೂ ಹೊರಗೋಡೆಯ ಕಡೆಗೆ, ಅಂದರೆ ಮೀಸಿಯಲ್‌ಗೆ ಕೊಡಿ. ಒಳಗೋಡೆ ತೂತಾದರೆ ಆ ಹಲ್ಲನ್ನು ಉಳಿಸುವುದು ಕಷ್ಟ.

ಹಂತ 5: ಸಣ್ಣ ಫೈಲ್‌ನ ಹುಡುಕಾಟ

ಇಲ್ಲಿ ಆತುರ ಬೇಡ. ಪಲ್ಪ್ ಚೇಂಬರ್ ತುಂಬ ಹೈಪೋಕ್ಲೋರೈಟ್ ಇರಲಿ. ಪಲ್ಪ್ ಇನ್ನೂ ಜೀವಂತ ಇದ್ದರೆ ಆರ್‌ಸಿ ಪ್ರೆಪ್ ತರಹದ ಇಡಿಟಿಎ ಜೆಲ್ ಸ್ವಲ್ಪ ಹಚ್ಚಿ. ಇಲ್ಲದಿದ್ದರೆ ಫೈಲ್ ಪಲ್ಪನ್ನು ಕೆಳಕ್ಕೆ ತುರುಕಿ ದಾರಿಯನ್ನೇ ಮುಚ್ಚುತ್ತದೆ.

8 ಅಥವಾ 10ರ ಕೆ ಫೈಲ್ ತುದಿಯ 2-3 ಮಿ.ಮೀ. ಭಾಗವನ್ನು ಸ್ವಲ್ಪ ಬಗ್ಗಿಸಿ. ಕೈಬೆರಳಿನಿಂದ ಬೇಡ. ಹತ್ತಿ ಹಿಡಿಯುವ ಪ್ಲೈಯರ್ ನಡುವೆ ಒಂದು ತುಂಡು ಗಾಜ್ ಇಟ್ಟು ಬಗ್ಗಿಸಿ. ರಬ್ಬರ್ ಸ್ಟಾಪರ್‌ನ ಮೂತಿ ಬಗ್ಗಿಸಿದ ದಿಕ್ಕಿಗೇ ಇರಲಿ. ಫೈಲ್ ಒಳಗೆ ಹೋದ ಮೇಲೆ ಕೊಕ್ಕೆ ಯಾವ ಕಡೆ ನೋಡುತ್ತಿದೆ ಅಂತ ತಿಳಿಯುವುದು ಆ ಮೂತಿಯಿಂದಲೇ.

ಈಗ ಕೈಗಡಿಯಾರಕ್ಕೆ ಕೀ ಕೊಡುವ ಹಾಗೆ ಬಲಕ್ಕೆ ಎಡಕ್ಕೆ 30ರಿಂದ 60 ಡಿಗ್ರಿ ಆಡಿಸಿ. ಒತ್ತಬೇಡಿ, ಫೈಲ್ ತಾನಾಗಿ ಇಳಿಯಲಿ. ನಿಂತರೆ ತೆಗೆದು, ಒರೆಸಿ, ಹೈಪೋಕ್ಲೋರೈಟ್ ಬದಲಿಸಿ, ಕೊಕ್ಕೆಯ ದಿಕ್ಕು ತಿರುಗಿಸಿ ಮತ್ತೆ ಹಾಕಿ. ನಿಂತಾಗ ಕೈಗೆ ಬರುವ ಅನುಭವ ಎರಡು ತರಹ. ಗೋಡೆಗೆ ಹೊಡೆದ ಹಾಗೆ ಟಕ್ ಅಂತ ನಿಂತರೆ ದಿಕ್ಕು ತಪ್ಪಿದೆ, ಬೇರೆ ದಿಕ್ಕಿಗೆ ಪ್ರಯತ್ನಿಸಿ. ಎಳೆದಾಗ ಕಚ್ಚಿ ಹಿಡಿದ ಹಾಗೆ ಅನ್ನಿಸಿದರೆ ದಿಕ್ಕು ಸರಿ, ಜಾಗ ಕಮ್ಮಿ. ಆಗ ಇನ್ನೊಂದು ಸಣ್ಣ ನಂಬರಿಗೆ ಇಳಿಯಿರಿ, ಇಲ್ಲವೇ ಮೇಲ್ಭಾಗ ಇನ್ನಷ್ಟು ಅಗಲ ಮಾಡಿ. ಈ ಎರಡನ್ನು ಬೇರೆ ಮಾಡಿ ಗುರುತಿಸಲು ಕಲಿತ ಬೆರಳಿಗೆ ಕೈ ಫೈಲ್ ಕೊಡುವ ಮಾಹಿತಿಯನ್ನು ಮೋಟರ್ ಕೊಡುವುದಿಲ್ಲ.

ತುದಿ ಮುಟ್ಟಿದ ಮೇಲೂ 15ಕ್ಕೆ ಓಡಬೇಡಿ. 10ರ ಫೈಲ್ ಅಲ್ಲೇ ಒಂದು ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಿಸಿ, ಆಮೇಲೆ ಎರಡು, ಆಮೇಲೆ ಮೂರು. ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದರೂ ಎಲ್ಲೂ ತಡೆಯದೆ ಕೊನೆವರೆಗೆ ಜಾರಬೇಕು. ಅಲ್ಲಿಯವರೆಗೆ ಅದು ಗ್ಲೈಡ್ ಪಾತ್ ಆಗಿಲ್ಲ.

ಹಂತ 6: ಉದ್ದ ಅಳೆಯಲು ಯಾವ ಫೈಲ್

ಬೇರಿನ ತುದಿ ಎಲ್ಲಿದೆ ಎಂದು ತೋರಿಸುವ ಯಂತ್ರ ಅಪೆಕ್ಸ್ ಲೊಕೇಟರ್‌ಗೆ ಕೆನಾಲ್‌ನಲ್ಲಿ ಸ್ವಲ್ಪ ಬಿಗಿಯಾಗಿ ಕೂರುವ ಫೈಲ್ ಹಾಕಿ. ಡಿಸ್ಟಲ್ ಕೆನಾಲ್‌ಗೆ 10 ಹಾಕಿದರೆ ಅದು ಈಜಾಡುತ್ತದೆ, ರೀಡಿಂಗ್ ಕುಣಿಯುತ್ತದೆ. ಎಕ್ಸ್‌ರೇಗೆ 15ಕ್ಕಿಂತ ಸಣ್ಣದು ಬೇಡ, 8ರ ತುದಿ ಚಿತ್ರದಲ್ಲಿ ಕರಗಿಹೋಗುತ್ತದೆ. ಎರಡನ್ನೂ ಹೊಂದಿಸಿ ಎಕ್ಸ್‌ರೇ ತುದಿಗಿಂತ 0.5ರಿಂದ 1 ಮಿ.ಮೀ. ಒಳಗೆ ನಿಲ್ಲಿಸಿ. ಬಾಗಿದ ಕೆನಾಲ್ ಅಗಲವಾಗುತ್ತ ಸ್ವಲ್ಪ ನೇರವಾಗುತ್ತದೆ, ಹಾಗೇ ಉದ್ದವೂ ಕಮ್ಮಿಯಾಗುತ್ತದೆ. ಬಿಎಂಪಿ (ಕೆನಾಲ್ ತೊಳೆದು ಅಗಲ ಮಾಡುವ ಕೆಲಸ) ಮಧ್ಯದಲ್ಲಿ ಇನ್ನೊಮ್ಮೆ ಅಳೆಯಿರಿ.

ಹಂತ 7: ಅಗಲ ಮಾಡುವುದು

ಮೀಸಿಯಲ್ ಕೆನಾಲ್‌ಗೆ ಸ್ಟೀಲ್ ಫೈಲಾದರೆ ಬ್ಯಾಲೆನ್ಸ್ಡ್ ಫೋರ್ಸ್. ರೋನ್ ಮತ್ತು ಸಂಗಡಿಗರು 1985ರಲ್ಲಿ ಹೇಳಿಕೊಟ್ಟ ವಿಧಾನ. ಬಲಕ್ಕೆ ಕಾಲು ಸುತ್ತು ತಿರುಗಿಸಿ ಫೈಲನ್ನು ಡೆಂಟಿನ್‌ಗೆ ಸಿಕ್ಕಿಸಿ. ಕೆಳಕ್ಕೆ ಹಗುರ ಒತ್ತಡ ಇಟ್ಟುಕೊಂಡೇ ಎಡಕ್ಕೆ 120 ಡಿಗ್ರಿ ಅಥವಾ ಹೆಚ್ಚು ತಿರುಗಿಸಿ, ಕತ್ತರಿಸುವುದು ಆಗಲೇ. ಕೊನೆಗೆ ಬಲಕ್ಕೆ ತಿರುಗಿಸುತ್ತ ಪುಡಿಯನ್ನು ಮೇಲಕ್ಕೆ ತನ್ನಿ. ಇದಕ್ಕೆ ತ್ರಿಕೋನ ಹೊಟ್ಟೆಯ, ತುದಿಯಿಂದ ಡೆಂಟಿನ್ ಕೊರೆಯದ ಕೆ ಫೈಲೇ ಬೇಕು. ಎಡಕ್ಕೆ ತಿರುಗಿಸುವಾಗ ಸ್ಟೀಲ್ ಬೇಗ ಮುರಿಯುತ್ತದೆ, ಆದ್ದರಿಂದ ಬಿಗಿಯಾಗಿ ಸಿಕ್ಕಿಕೊಂಡ ಫೈಲನ್ನು ಎಡಕ್ಕೆ ಬಲವಂತ ಮಾಡಬೇಡಿ.

ಬಾಗಿದ ಕೆನಾಲ್‌ನಲ್ಲಿ 25, 30ರ ಫೈಲನ್ನು ಬರೀ ಮೇಲೆ ಕೆಳಗೆ ಎಳೆದರೆ ಏನಾಗುತ್ತದೆ ಗೊತ್ತಲ್ಲ? ಫೈಲ್ ನೇರವಾಗಲು ನೋಡುತ್ತದೆ. ತುದಿಯಲ್ಲಿ ಬಾಗಿನ ಹೊರಗೋಡೆಯನ್ನು, ನಡುವೆ ಒಳಗೋಡೆಯನ್ನು ಕೊರೆಯುತ್ತದೆ. ತುದಿ ಕಣ್ಣೀರ ಹನಿಯ ಆಕಾರಕ್ಕೆ ಹಿಗ್ಗುತ್ತದೆ. ಗುಂಡಗಿನ ಗಟ್ಟಾ ಪರ್ಚಾ ಅಂಥ ತೂತನ್ನು ಮುಚ್ಚುವುದಿಲ್ಲ. ಹಳೇ ಕಪ್ಪು ನೆರಳು ಹೋಗದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಪ್ರತಿ ಫೈಲ್ ಆದ ಮೇಲೆ ಹೈಪೋಕ್ಲೋರೈಟ್, ಆಮೇಲೆ ಪೂರ್ತಿ ಉದ್ದಕ್ಕೆ ಮತ್ತೆ 10. ಇದನ್ನು ಬಿಟ್ಟರೆ ಡೆಂಟಿನ್ ಪುಡಿ ತುದಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಲಂಡನ್‌ನಲ್ಲಿ ಎಂಗ್ (Ng) ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಕೆನಾಲ್ ತುದಿ ತೆರೆದಿರುವುದು ಯಶಸ್ಸನ್ನು ಹೆಚ್ಚಿಸಿದ ಅಂಶಗಳಲ್ಲಿ ಒಂದಾಗಿತ್ತು. ಅಂದರೆ 10ರ ಆ ಸಣ್ಣ ನೇರಳೆ ಫೈಲ್ ಕೊನೆಯವರೆಗೂ ಕೈಯಲ್ಲಿರಬೇಕು.

ಎಷ್ಟು ಅಗಲ? ತುದಿಯಲ್ಲಿ ಮೊದಲು ಬಿಗಿಯಾದ ಫೈಲ್‌ಗಿಂತ ಮೂರು ನಂಬರ್ ಮೇಲೆ ಎಂಬುದು ಕಾಲೇಜಿನ ಪಾಠ. ಶುರುವಿಗೆ ಅದು ಸಾಕು. ಮೀಸಿಯಲ್‌ನಲ್ಲಿ ಸಾಮಾನ್ಯವಾಗಿ 25 ಅಥವಾ 30ಕ್ಕೆ, ಡಿಸ್ಟಲ್‌ನಲ್ಲಿ 35-40 ಅಥವಾ ಇನ್ನೂ ಮೇಲಕ್ಕೆ ಬಂದು ನಿಲ್ಲುತ್ತೀರಿ. ಮೊದಲ ಫೈಲ್ ಬಿಗಿಯಾಗಿದ್ದು ತುದಿಯಲ್ಲೋ, ಮೇಲೆಲ್ಲೋ ಅನ್ನುವುದು ಗ್ಯಾರಂಟಿ ಇಲ್ಲ. ಮೇಲ್ಭಾಗ ಮೊದಲು ಅಗಲ ಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಡಿಸ್ಟಲ್ ಕೆನಾಲ್‌ಗೆ ನಿಯಮ ಬೇರೆ. ಅದು ಮೊಟ್ಟೆಯಾಕಾರ. ಗುಂಡಗೆ ತಿರುಗುವ ಯಾವ ಫೈಲೂ ನಡುವೆ ಒಂದು ಗುಂಡು ತೂತು ಮಾಡಿ ಎರಡು ಕಡೆಯ ಮೂಲೆ ಬಿಟ್ಟುಬಿಡುತ್ತದೆ. ಎಚ್ ಫೈಲ್‌ಗೆ ನಿಜವಾದ ಕೆಲಸ ಸಿಗುವುದು ಇಲ್ಲೇ. ಕೆನಾಲ್‌ಗಿಂತ ಸಣ್ಣ ನಂಬರಿನದು ಆರಿಸಿ, ಸಡಿಲವಾಗಿ ಇಳಿಸಿ, ಕೆನ್ನೆಯ ಕಡೆ ಗೋಡೆಗೆ ಒತ್ತಿ ಎಳೆಯಿರಿ, ಆಮೇಲೆ ನಾಲಿಗೆಯ ಕಡೆಗೆ. ಹಳೇ ಗಟ್ಟಾ ಪರ್ಚಾ ತೆಗೆಯುವಾಗಲೂ ಎಚ್ ಫೈಲೇ ಚೆನ್ನ.

ಹಂತ 8: ಟೇಪರ್ ಮತ್ತು ಸೂಜಿಯ ಲೆಕ್ಕ

ಒಂದು ಪೇಪರ್ ತೆಗೆದುಕೊಂಡು ಈ ಲೆಕ್ಕ ನೀವೇ ಮಾಡಿ ನೋಡಿ. ಹೈಪೋಕ್ಲೋರೈಟ್ ಸೂಜಿಯ ತುದಿಯಿಂದ ಕೆಳಗೆ ಬಹಳ ದೂರ ಹೋಗುವುದಿಲ್ಲ. 30 ಗೇಜ್ ಸೂಜಿಯ ಹೊರ ದಪ್ಪ ಸುಮಾರು 0.3 ಮಿ.ಮೀ. ಕೆನಾಲನ್ನು 2 ಶೇಕಡಾ ಟೇಪರ್‌ನ 25ರ ಫೈಲ್‌ಗೆ ಮಾತ್ರ ತಯಾರು ಮಾಡಿದ್ದೀರಿ ಅನ್ನಿ. ತುದಿಯಿಂದ 3 ಮಿ.ಮೀ. ಮೇಲೆ ಅದರ ಅಗಲ 0.31. ಅಲ್ಲಿಗೆ ಸೂಜಿ ಸಿಕ್ಕಿಕೊಂಡಿತು. ಸಿಕ್ಕಿಕೊಂಡ ಸೂಜಿಯಿಂದ ಒತ್ತಿದರೆ ಹೈಪೋಕ್ಲೋರೈಟ್ ಹೊರಗೆ ನುಗ್ಗಿ ಮುಖ ಊದುವ ಅಪಘಾತವಾಗುತ್ತದೆ. ಒತ್ತದಿದ್ದರೆ ಕೊನೆಯ 3 ಮಿ.ಮೀ. ಭಾಗಕ್ಕೆ ಔಷಧಿ ಸರಿಯಾಗಿ ಸಿಗುವುದಿಲ್ಲ. ಬ್ಯಾಕ್ಟೀರಿಯಾ ತೆಗೆಯಲು ಅತಿ ಕಷ್ಟವಾದ ಜಾಗವೇ ಅದು.

ಸ್ಟೆಪ್ ಬ್ಯಾಕ್ ಮಾಡಿದರೆ? 25 ಪೂರ್ತಿ ಉದ್ದಕ್ಕೆ, 30 ಒಂದು ಮಿ.ಮೀ. ಕಮ್ಮಿಗೆ, 35 ಎರಡು ಕಮ್ಮಿಗೆ, 40 ಮೂರು ಕಮ್ಮಿಗೆ. ಈಗ 3 ಮಿ.ಮೀ. ಮೇಲೆ ಅಗಲ 0.40, 2 ಮಿ.ಮೀ. ಮೇಲೆ 0.35. ಸೂಜಿ 2 ಮಿ.ಮೀ. ಹತ್ತಿರಕ್ಕೆ ಬಂದೂ ಸಡಿಲವಾಗಿದೆ. ಅದೇ ಕೈ ಪ್ರೋಟೇಪರ್ ಎಂಬ ನಿಕ್ಕಲ್ ಟೈಟಾನಿಯಂ ಸೆಟ್‌ನ ಎಫ್ 2 ಹಾಕಿದರೆ ತುದಿ 0.25, ಟೇಪರ್ 8 ಶೇಕಡಾ, 2 ಮಿ.ಮೀ. ಮೇಲೆ 0.41. ಕಡಿಮೆ ಫೈಲ್‌ನಲ್ಲಿ ಹೆಚ್ಚು ಜಾಗ. ಆದರೆ ಅದು ದಪ್ಪ, ತೀವ್ರ ಬಾಗಿನಲ್ಲಿ ಬಿಗಿಯಾಗುತ್ತದೆ. 15ರವರೆಗೆ ಗ್ಲೈಡ್ ಪಾತ್ ಆಗದೆ ಕೈ ಹಾಕಬೇಡಿ.

ನನ್ನ ಆಯ್ಕೆ ಹೀಗೆ. ಬಾಗು ಮಧ್ಯಮವಾಗಿದ್ದರೆ 15ರವರೆಗೆ ಸ್ಟೀಲ್, ಆಮೇಲೆ ಕೈ ಪ್ರೋಟೇಪರ್. ಬಾಗು ತೀವ್ರವಾಗಿದ್ದರೆ ತುದಿಯಲ್ಲಿ 2 ಶೇಕಡಾ ಟೇಪರ್‌ನ ನಿಕ್ಕಲ್ ಟೈಟಾನಿಯಂ ಕೈ ಫೈಲ್, ಮೇಲೆ ಸ್ಟೆಪ್ ಬ್ಯಾಕ್. ಕೀವು ತುಂಬಿದ ಹಲ್ಲಾದರೆ ಮೇಲಿಂದ ಕೆಳಕ್ಕೆ ಇಳಿಯುವ ಕ್ರೌನ್ ಡೌನ್ ಕ್ರಮವೇ ಒಳ್ಳೆಯದು. ಕೆಳಗಿಂದ ಶುರು ಮಾಡಿ ಬರೀ ಎಳೆದು ತಳ್ಳಿದರೆ ಕೊಳಕು ತುದಿಯಿಂದ ಹೊರಗೆ ಜಾಸ್ತಿ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಪೇಷಂಟ್ ಫೋನ್ ಬರುವುದು ಹೆಚ್ಚಾಗಿ ಅಂಥ ಕೇಸ್‌ಗಳಲ್ಲೇ.

ಸೂಜಿ ಪಕ್ಕದಲ್ಲಿ ತೂತಿರುವುದಾಗಿರಲಿ, ಮೇಲೆ ಕೆಳಗೆ ಆಡುತ್ತಲೇ ಇರಲಿ. ಕೊನೆಗೆ 17 ಶೇಕಡಾ ಇಡಿಟಿಎ ಒಂದು ನಿಮಿಷ. ಕ್ಲೋರ್‌ಹೆಕ್ಸಿಡಿನ್ ಬಳಸುವುದಾದರೆ ಹೈಪೋಕ್ಲೋರೈಟ್ ಜೊತೆ ಸೇರಲು ಬಿಡಬೇಡಿ, ಕಂದು ಬಣ್ಣದ ಗಸಿ ಕಟ್ಟುತ್ತದೆ.

ಹಂತ 9: ತುಂಬುವಾಗ ಸ್ಪ್ರೆಡರ್

ಉದ್ದ ಹಿಡಿಕೆಯ ಹ್ಯಾಂಡ್ ಸ್ಪ್ರೆಡರ್‌ಗಿಂತ ಫಿಂಗರ್ ಸ್ಪ್ರೆಡರ್ ಆರಿಸಿ. ಗಟ್ಟಾ ಪರ್ಚಾವನ್ನು ಪಕ್ಕಕ್ಕೆ ಒತ್ತಿ ಜಾಗ ಮಾಡುವ ಚೂಪು ಕಡ್ಡಿ ಅದು. ಬೆರಳಲ್ಲಿ ಕೊಡಬಹುದಾದ ಬಲ ಕಡಿಮೆ, ಬೇರು ಸೀಳುವ ಭಯವೂ ಕಡಿಮೆ. ಮಾಸ್ಟರ್ ಕೋನ್ (ಮೊದಲು ಹಾಕುವ ಮುಖ್ಯ ಗಟ್ಟಾ ಪರ್ಚಾ) ಪಕ್ಕದಲ್ಲಿ ಅದು ಹಂತ 6ರಲ್ಲಿ ಅಳೆದ ಉದ್ದ, ಅಂದರೆ ವರ್ಕಿಂಗ್ ಲೆಂತ್‌ಗಿಂತ 1-2 ಮಿ.ಮೀ. ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ಸ್ಪ್ರೆಡರ್ ಒತ್ತಬೇಡಿ, ಕೆನಾಲ್‌ನ ಆಕಾರ ಮತ್ತೆ ನೋಡಿ.

ಲೆಡ್ಜ್ ಆದರೆ, ಫೈಲ್ ಮುರಿದರೆ

ಲೆಡ್ಜ್ ದಾಟಲು ಸ್ಟೀಲ್‌ನ 8 ಅಥವಾ 10 ಮಾತ್ರ. ತುದಿಯ 2 ಮಿ.ಮೀ. ಭಾಗಕ್ಕೆ ಚುರುಕಾದ ಕೊಕ್ಕೆ ಕೊಟ್ಟು, ಬಾಗಿನ ಒಳಗೋಡೆಗೆ ಸವರುತ್ತ ಹುಡುಕಿ. ಒಮ್ಮೆ ಜಾರಿ ಕೆಳಗೆ ಹೋಯಿತೋ, ತೆಗೆಯಬೇಡಿ! ಅಲ್ಲೇ ಸಣ್ಣ ಸಣ್ಣದಾಗಿ ಆಡಿಸಿ ಮೆಟ್ಟಿಲನ್ನು ಸವೆಸಿ.

ಫೈಲ್ ಮುರಿದರೆ ಮೊದಲು ಎಕ್ಸ್‌ರೇ, ಆಮೇಲೆ ಪೇಷಂಟ್‌ಗೆ ನೇರವಾಗಿ ಹೇಳಿ, ಕೇಸ್ ಶೀಟ್‌ನಲ್ಲಿ ಬರೆಯಿರಿ. ಚೂರು ತಾನಾಗಿ ರೋಗ ತರುವುದಿಲ್ಲ, ಅದರ ಕೆಳಗೆ ಉಳಿದ ಬ್ಯಾಕ್ಟೀರಿಯಾ ತರುತ್ತದೆ. ಜೀವಂತ ಪಲ್ಪ್ ಇದ್ದ ಹಲ್ಲಲ್ಲಿ, ಕೊನೆಯ ಫೈಲ್ ತುದಿಯ ಹತ್ತಿರ ಮುರಿದಿದ್ದರೆ ಬಿಟ್ಟು ಕಾದು ನೋಡಬಹುದು. ಕೀವಿನ ಹಲ್ಲಲ್ಲಿ ಶುರುವಿನಲ್ಲೇ ಮುರಿದಿದ್ದರೆ ಪಕ್ಕದಿಂದ ದಾಟಲು ಪ್ರಯತ್ನಿಸಿ, ಆಗದಿದ್ದರೆ ಮೈಕ್ರೋಸ್ಕೋಪ್ ಇರುವ ಎಂಡೋಡಾಂಟಿಸ್ಟ್ ಬಳಿ ಕಳಿಸಿ.

ಯಾವುದನ್ನು ಎಸೆಯಬೇಕು

ಕೆನಾಲ್‌ಗೆ ಹಾಕುವ ಮೊದಲೂ ತೆಗೆದ ಮೇಲೂ ಫೈಲನ್ನು ಬೆಳಕಿಗೆ ಹಿಡಿದು ನೋಡಿ, ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಇದ್ದರೆ ಇನ್ನೂ ಒಳ್ಳೆಯದು. ಸುರುಳಿಗಳ ಅಂತರ ಒಂದೇ ಸಮ ಇಲ್ಲದಿದ್ದರೆ, ಎಲ್ಲಾದರೂ ಒಂದು ಹೊಳೆಯುವ ಬಿಂದು ಕಂಡರೆ ಅದು ಬಿಚ್ಚಿಕೊಳ್ಳುತ್ತಿದೆ. ಎಸೆಯಿರಿ. 6, 8, 10, 15 ಒಬ್ಬ ಪೇಷಂಟ್‌ಗೆ ಮಾತ್ರ, ಕಷ್ಟದ ಕೆನಾಲ್ ಆದರೆ ಒಂದೇ ಕೂರಾಟದಲ್ಲಿ ಎರಡು ಮೂರು ಬೇಕಾಗಬಹುದು. ಇಂಗ್ಲೆಂಡಿನಲ್ಲಿ 2007ರಿಂದ ಎಲ್ಲ ಫೈಲ್, ರೀಮರ್‌ಗಳನ್ನೂ ಒಮ್ಮೆ ಬಳಸಿ ಎಸೆಯಲು ಸರ್ಕಾರವೇ ಹೇಳಿದೆ. ಸುರುಳಿಯೊಳಗೆ ಸಿಕ್ಕಿದ ಅಂಗಾಂಶವನ್ನು ಪೂರ್ತಿ ತೊಳೆಯುವುದು ಅಷ್ಟು ಕಷ್ಟ. ನಮ್ಮಲ್ಲಿ ದೊಡ್ಡ ನಂಬರ್‌ಗಳನ್ನು ಮತ್ತೆ ಬಳಸುತ್ತಾರೆ. ಬಳಸುವುದಾದರೆ ಬ್ರಷ್, ಅಲ್ಟ್ರಾಸಾನಿಕ್, ಆಮೇಲೆ ಪೌಚ್‌ನಲ್ಲಿ ಹಾಕಿ ಆಟೋಕ್ಲೇವ್. ಗ್ಲಾಸ್ ಬೀಡ್ ಡಬ್ಬಿಗೆ ಅದ್ದಿ ತೆಗೆದರೆ ಸ್ಟೆರಿಲೈಸ್ ಆದ ಹಾಗಲ್ಲ.

ಹೊಸ ಫೈಲ್ ಪದ್ಧತಿ ಪೇಷಂಟ್ ಮೇಲೆ ಕಲಿಯಬೇಡಿ. ಕಿತ್ತ ಹಲ್ಲುಗಳ ಮೇಲೆ ಮಾಡಿ, ಮೊದಲೂ ಆಮೇಲೂ ಎರಡು ದಿಕ್ಕಿನಿಂದ ಎಕ್ಸ್‌ರೇ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ. ಕೆನಾಲ್ ಎತ್ತ ಸರಿದಿದೆ ಅಂತ ಅದು ನಿಮಗೇ ಹೇಳುತ್ತದೆ.

ಕೊನೆಯದು ಕೇಸ್ ಶೀಟ್. ಪ್ರತಿ ಕೆನಾಲ್‌ಗೂ ಉದ್ದ, ಅದನ್ನು ಹಲ್ಲಿನ ಯಾವ ಮೊನೆಯಿಂದ, ಅಂದರೆ ಯಾವ ಕಸ್ಪ್‌ನಿಂದ ಅಳೆದಿರಿ, ತುದಿಯ ಕೊನೆಯ ಫೈಲ್ ಎಷ್ಟು, ಯಾವ ಟೇಪರ್, 10 ಕೊನೆವರೆಗೆ ಹೋಗುತ್ತಿತ್ತೇ ಅನ್ನುವುದನ್ನು ಬರೆಯಿರಿ. ಕ್ರೌನ್ ತಡ ಮಾಡದೆ ಹಾಕಿಸಿ, ಮೇಲಿನಿಂದ ಸೋರಿದರೆ ಕೆಳಗೆ ಮಾಡಿದ್ದೆಲ್ಲ ದಂಡ. ಒಂದು ವರ್ಷಕ್ಕೆ ಕರೆದು ಎಕ್ಸ್‌ರೇ ತೆಗೆದಾಗ ಆ ಸಾಲುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಮುಂದಿನ ಸಲ ಯಾವ ಫೈಲ್ ಪ್ಯಾಕೆಟ್ ತರಿಸಬೇಕು ಅನ್ನುವುದನ್ನು ಸೇಲ್ಸ್‌ನವರ ಮಾತಿಗಿಂತ ಆ ಹಾಳೆಯನ್ನು ನೋಡಿ ತೀರ್ಮಾನಿಸಿ.